ಹಾಸನದ ಮಧ್ಯ ಪೌಂಡ್ ಗುರುತು ಯಾಕೆ ಬಂತು

ಹೋದ್ ಭಾನ್ವಾರ ಹಾಸನಕ್ಕೆ ಹೋದಾಗ ಚಿಕ್ಕಪ್ಪ ಕಾಫಿಗಿಂತ ಮುಂಚೆ ಪೆನ್‌ಡ್ರೈವ್ ಕೈಗಿಟ್ರು. ಊರ ದೇವಸ್ಥಾನದ ಹಳೇ ದೇಣಿಗೆ ಪಟ್ಟಿ, ನಾನೂರು ಚಿಲ್ಲರೆ ಹೆಸರು, 2008ರಲ್ಲಿ ಯಾವ್ದೋ ಡಿಟಿಪಿ ಅಂಗಡೀಲಿ ಟೈಪ್ ಮಾಡ್ಸಿದ್ದು. ಹೊಸ ಲ್ಯಾಪ್‌ಟಾಪಲ್ಲಿ ತೆಗುದ್ರೆ ಬರೀ ಕಸ ಕಾಣ್ತಿದೆ, ಫೈಲ್ ಕರಪ್ಟ್ ಆಗಿದೆ ಅಂತ ಯಾರೋ ಹೇಳಿ ಮತ್ತೆ ಟೈಪ್ ಮಾಡಕ್ಕೆ ಮೂರು ಸಾವ್ರ ಕೇಳಿದಾರಂತೆ.

ತೆಗ್ದು ನೋಡ್ದೆ. ಹಾಸನ ಅಂತ ಇರ್ಬೇಕಾದ ಕಡೆ ಒಂದು ಪೌಂಡ್ ಗುರುತು (£), ಅದ್ರ ಎರಡೂ ಪಕ್ಕ ನೆತ್ತಿ ಮೇಲೆ ಗೀಟು ಹಾಕ್ಕೊಂಡಿರೋ ಕ್ಯಾಪಿಟಲ್ ಎ (À). ನೋಡಿದ್ ತಕ್ಷಣ ಸಮಾಧಾನ ಆಯ್ತು, ಇದು ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟು, ಫೈಲ್‌ಗೆ ಏನೂ ಆಗಿಲ್ಲ. ಆಗಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿರೋರು, ಪೌಂಡ್ ಜಾಗದಲ್ಲಿ ತಲೆಕಟ್ಟಿಲ್ಲದ ನ, ಗೀಟಿನ ಎ ಜಾಗದಲ್ಲಿ ಬರೀ ತಲೆಕಟ್ಟು, ಎರಡೂ ಸೇರುದ್ರೆ ನ. ಆ ಫಾಂಟ್ ಇಲ್ದಿದ್ರೆ ಕಂಪ್ಯೂಟರ್ ಒಳಗಿರೋದನ್ನ ಹಾಗ್ಹಾಗೇ ತೋರ್ಸತ್ತೆ ಅಷ್ಟೆ. ಚಿಕ್ಕಪ್ಪ ಫಾಂಟನ್ನ ತುಂಗಾಗೆ ಬದಲಾಯ್ಸಿ ನೋಡಿದ್ರಂತೆ, ಆಗಲ್ಲ, ಯಾಕಂದ್ರೆ ತುಂಗಾ ಯೂನಿಕೋಡ್ (ಕನ್ನಡ ಅಕ್ಷರಕ್ಕೆ ಅದ್ರದ್ದೇ ಬೇರೆ ಸಂಖ್ಯೆ ಇರೋ ಪದ್ಧತಿ) ಫಾಂಟು, ಅದು ಹುಡುಕೋ ಕನ್ನಡ ಆ ಫೈಲಲ್ಲಿ ಇಲ್ವೇ ಇಲ್ಲ.

ಮೊದ್ಲು ಒಂದು ಕಾಪಿ ಇಟ್ಕೊಂಡೆ. ಆಮೇಲೆ ಹಳೇ ನುಡಿಯನ್ನ ಯೂನಿಕೋಡ್ ಮಾಡೋ ಕನ್ವರ್ಟರ್‌ಗೆ ಹಾಕ್ದೆ. ಮೊದಲ್ನೇ ಸಾಲಲ್ಲೇ ಕಾರ್ಯದರ್ಶಿ ಹೋಗಿ ‘ಕಾಯರ್ದಶಿರ್’ ಆಗಿ ಕೂತಿತ್ತು! ಹಳೇ ಫಾಂಟಲ್ಲಿ ಅರ್ಕಾವತ್ತನ್ನ ಕಣ್ಣಿಗೆ ಕಾಣೋ ಹಾಗೆ ಅಕ್ಷರ ಆದ್ಮೇಲೆ ಒತ್ತೋದು, ಯೂನಿಕೋಡಲ್ಲಿ ಬಾಯಲ್ಲಿ ಹೇಳೋ ಹಾಗೆ ರ್ ಮೊದ್ಲು ಬರ್ಬೇಕು, ಅದನ್ನ ಅಕ್ಷರಕ್ಕಿಂತ ಮುಂಚೆ ತರೋ ಬುದ್ಧಿ ಆ ಕನ್ವರ್ಟರ್‌ಗೆ ಇರ್ಲಿಲ್ಲ. ಬೇರೆ ಕನ್ವರ್ಟರ್ ಹಿಡ್ದೆ, ಸರಿ ಬಂತು. ಆದ್ರೆ ಮಧ್ಯ ಮಧ್ಯ ಇಂಗ್ಲಿಷಲ್ಲಿದ್ದ ಇನಿಶಿಯಲ್‌ಗಳೆಲ್ಲ ಕನ್ನಡದ ತುಂಡಾಗಿ ಹೋದ್ವು, ಅವನ್ನ ಒಂದೊಂದೇ ಕೈಯಲ್ಲಿ ತಿದ್ದುದ್ರಲ್ಲಿ ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಗಿತ್ತು.

ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಮಾಡಿ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಮತ್ತೆ ಕಸ! ಈ ಸಲ ಬೇರೆ ಜಾತಿ, ಸಣ್ಣ ಎ ಮೇಲೊಂದು ಗೀಟು, ಪಕ್ಕದಲ್ಲಿ ಪುಟಾಣಿ 2 ಇಲ್ಲಾ 3 ಅಂಕಿ, ಅದೇ ಥರ ಉದ್ದಕ್ಕೂ. ಯುಟಿಎಫ್-8ನಲ್ಲಿ (ಯೂನಿಕೋಡನ್ನ ಫೈಲಲ್ಲಿ ಬರ್ದಿಡೋ ರೀತಿ) ಒಂದೊಂದು ಕನ್ನಡ ಅಕ್ಷರಕ್ಕೂ ಗುಣಿತದ ಚಿಹ್ನೆಗೂ 3 ಬೈಟು, ಎಕ್ಸೆಲ್ ಅವನ್ನ ಮೂರು ಬೇರೆ ಅಕ್ಷರ ಅಂದ್ಕೊಂಡು ಬಿಡ್ಸಿ ಓದತ್ತೆ. ಡೇಟಾ ಟ್ಯಾಬಲ್ಲಿ ಫ್ರಮ್ ಟೆಕ್ಸ್ಟ್ ಹೋಗಿ 65001 ಅನ್ನೋ ಯುಟಿಎಫ್-8 ಆರಿಸಿದ್ರೆ ಮುಗೀತು. ಚೌಕ ಚೌಕ ಡಬ್ಬಿ ಕಂಡ್ರೆ ಬರೀ ಫಾಂಟ್ ಇಲ್ಲ ಅಂತ, ಹೆದ್ರಬೇಡಿ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಬೇರೆ, ಯಾರೋ ಎಎನ್‌ಎಸ್‌ಐ (ಕನ್ನಡಕ್ಕೆ ಜಾಗವೇ ಇಲ್ಲದ ಹಳೇ ಪದ್ಧತಿ) ಅಂತ ಸೇವ್ ಮಾಡಿದಾರೆ, ಅಕ್ಷರ ನಿಜವಾಗ್ಲೂ ಹೋಯ್ತು, ಹಳೇ ಕಾಪಿ ಇದ್ರೆ ಹುಡ್ಕಿ.

ಇಷ್ಟಾದ್ಮೇಲೆ ಖುಷಿಗೆ ಅಕಾರಾದಿಯಾಗಿ ಸಾರ್ಟ್ ಮಾಡ್ದೆ, ಹಳೇ ಫೈಲಲ್ಲಿ ಇದು ಆಗ್ತಾನೇ ಇರ್ಲಿಲ್ಲ, ಪೌಂಡ್ ಲೆಕ್ಕದಲ್ಲಿ ಸಾರ್ಟ್ ಆಗೋದು. ರಾತ್ರಿ ಚಿಕ್ಕಪ್ಪನ ಫೋನು. ‘ಅಧ್ಯಕ್ಷರ ಹೆಸ್ರು ಯಾಕೋ ಕೊನೇ ಪುಟದಲ್ಲಿದೆ?’ ಅವರ ಹೆಸ್ರು ಹ ಇಂದ ಶುರು ಆಗತ್ತೆ ನಾನೇನ್ ಮಾಡ್ಲಿ ಅಂದೆ. ‘ಅದೆಲ್ಲ ಬೇಡ, ಮೊದ್ಲಿನ ಥರಾನೇ ಮಾಡ್ಕೊಡು’ ಅಂದ್ರು.