241 ಕೇಜಿ, 14 ಇಂಚು, ಒಂದು ಗಟಾರ

ಕರ್ರ್ರ್.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಎದ್ದ ಸಪ್ಪಳ ಅದು. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಬೈಕಿನ ಮುಂದಿನ ಗಾಲಿ ನಮ್ಮ ಗೇಟಿನ ಒಳಗೆ. ಹಿಂದಿನ ಗಾಲಿ ಇನ್ನೂ ಗಟಾರದ ಮೇಲೆ. ಹೊಟ್ಟೆ ನಮ್ಮ ಹೊಸ್ತಿಲ ಫರಸಿ ಕಲ್ಲಿಗೆ ಅಂಟಿಕೊಂಡಿದೆ. ಸೀಟಿನ ಮೇಲೆ ನಾನು. ಗಾಡಿ ನನ್ನದಲ್ಲ, ಡೆಮೊ ಗಾಡಿ. ಪಕ್ಕದಲ್ಲಿ ಶೋರೂಮಿನ ಹುಡುಗ ಬಾಯಿ ತೆರೆದು ನಿಂತಿದ್ದ.

ಎದುರು ಮನೆಯ ಕಾಕಾ ಕಟ್ಟೆ ಮೇಲೆ ಪೇಪರ್ ಓದುತ್ತಿದ್ದವರು ತಲೆ ಎತ್ತಿದರು. "ತಮ್ಮಾ, ಇದರ ಬದಲಿ ಒಂದ್ ಎಮ್ಮಿ ತರಬೇಕಿತ್ತ ನೋಡು. ಅದು ತಾನ ಏರತದ. ಮ್ಯಾಲೆ ಹಾಲೂ ಕೊಡತದ."

ಧಾರವಾಡದಲ್ಲಿ ಎಮ್ಮೆ ವಿಷಯಕ್ಕೆ ಎದುರು ಮಾತಾಡೋಕೆ ಬರಲ್ಲ. ಸುಮ್ನೆ ಗಾಡಿಯಿಂದ ಇಳಿದೆ. ಇಳಿದ ಕೂಡಲೇ ಗಾಡಿಯ ಹೊಟ್ಟೆ ಒಂದಿಷ್ಟು ಮೇಲೆದ್ದು ಫರಸಿ ಬಿಟ್ಟುಕೊಟ್ಟಿತು. ಇಬ್ಬರೂ ಸೇರಿ ಮೆಲ್ಲಗೆ ಹಿಂದಕ್ಕೆ ಬಿಟ್ಟೆವು. ಹುಡುಗ ಮೊಬೈಲ್ ಟಾರ್ಚ್ ಹಚ್ಚಿ ಕೆಳಗೆ ಇಣುಕಿದ. "ಏನೂ ಆಗಿಲ್ರೀ ಸರ್, ಬಣ್ಣಾ ಅಷ್ಟ ಹೋಗೇದ," ಎಂದ. ಪಾಪ, ಒಳ್ಳೆಯ ಹುಡುಗ. ಚಹಾ, ಗಿರಮಿಟ್ ಕೊಟ್ಟು ಕಳಿಸಿದೆ.

ನಾನು ಇಳಿದಾಗ ಹೊಟ್ಟೆ ಮೇಲೆದ್ದಿತಲ್ಲ, ಅದನ್ನು ನೆನಪಿಡಿ. ಮುಂದೆ ಬೇಕಾಗುತ್ತೆ.

ಅದಕ್ಕೂ ಮೊದಲು, ಇಲ್ಲಿಯವರೆಗಿನ ಟೆಸ್ಟ್ ರೈಡ್‌ಗಳ ಲೆಕ್ಕ. ಒಂಬತ್ತು ವರ್ಷದಿಂದ ಬಜಾಜ್ ಅವೆಂಜರ್ 220 ಓಡಿಸ್ತಿದ್ದೀನಿ, ಈಗ ಅದಕ್ಕಿಂತ ದೊಡ್ಡ ಕ್ರೂಸರ್ (ಕಾಲು ಮುಂದೆ ಚಾಚಿ ಕೂರೋ ಬೈಕ್) ಬೇಕು. ಮೀಟಿಯರ್ 350 ಎರಡು ಸಲ ಓಡಿಸಿದೆ. ಬೆಣ್ಣೆ ಥರ ಹೋಗುತ್ತೆ. ಟಾರ್ಕ್ (ಎಳೆಯೋ ಬಲ) 27 ನ್ಯೂಟನ್ ಮೀಟರ್, ನಮ್ಮ ಅವೆಂಜರ್‌ನದು ಹದಿನೇಳೂವರೆ. ವ್ಯತ್ಯಾಸ ಮೊದಲ ಸಿಗ್ನಲ್‌ನಲ್ಲೇ ಗೊತ್ತಾಗುತ್ತೆ. ಆದರೆ ಪವರ್ ನೋಡಿದರೆ ಅದು 20 ಕುದುರೆಶಕ್ತಿಯ (ಪಿಎಸ್) ಆಸುಪಾಸು, ನಮ್ಮದು 19ರ ಆಸುಪಾಸು. ಇಷ್ಟು ವರ್ಷ ಕಾದು ಒಂದು ಕುದುರೆ ಜಾಸ್ತಿ ತಂದರೆ ಮನೆಯಲ್ಲಿ ಏನಂತ ಹೇಳೋದು? ಹಾರ್ಲೆ ಎಕ್ಸ್440 ಗಟ್ಟಿಮುಟ್ಟು, ಆದರೆ ಸೀಟ್ 805 ಮಿಲಿಮೀಟರ್ ಎತ್ತರ, ಕಾಲು ಮುಂದೆ ಚಾಚೋ ಹಾಗಿಲ್ಲ. ನನ್ನ ಪಾಲಿಗೆ ಅದು ಕ್ರೂಸರ್ ಅಲ್ಲ. ಜಗಳ ಮಾಡೋರು ಮಾಡಿ.

ಉಳಿದದ್ದು ಸೂಪರ್ ಮೀಟಿಯರ್. 648 ಸಿಸಿ, ಎರಡು ಸಿಲಿಂಡರ್, 47 ಪಿಎಸ್, 52 ನ್ಯೂಟನ್ ಮೀಟರ್. ಡೆಮೊ ಗಾಡಿ ಸಿಗೋದೇ ಒಂದು ಸಾಹಸ. ಒಂದು ವಾರ ಬ್ಯಾಟರಿ ಡೌನ್. ಇನ್ನೊಂದು ವಾರ "ಬ್ಯಾರೇದವರು ಒಯ್ದಾರ್ರೀ." ಮೂರನೇ ವಾರ ಪಂಕ್ಚರ್. ಯಾವ ಶೋರೂಮ್ ಅಂತ ಕೇಳಬೇಡಿ, ನಾನು ಸುತ್ತಿದ ಎಲ್ಲ ಕಡೆ ಇದೇ ರಾಗ. ಗಾಡಿ ಸಿಕ್ಕರೂ ಎರಡು ಕಿಲೋಮೀಟರ್, ಹಿಂದೆ ಒಬ್ಬ ಕೂತು "ಸಾವಕಾಶ ಸರ್, ಸಾವಕಾಶ" ಅಂತ ಜಪ. ಅದರಲ್ಲಿ ಗೊತ್ತಾಗೋದು ಹಾರ್ನ್ ಕೆಲಸ ಮಾಡುತ್ತಾ ಇಲ್ವಾ ಅನ್ನೋದಷ್ಟೇ.

ಅದಕ್ಕೇ ಮನೆಗೇ ತರಿಸಿ ಅಂತ ಹಟ ಹಿಡಿದೆ. ಹುಬ್ಬಳ್ಳಿಯ ವಿದ್ಯಾನಗರದಿಂದ ನಾನೇ ಓಡಿಸಿದೆ, ಹುಡುಗ ತನ್ನ ಸ್ಕೂಟರ್‌ನಲ್ಲಿ ಹಿಂದೆ ಬಂದ. ಉಣಕಲ್, ಭೈರಿದೇವರಕೊಪ್ಪ, ನವನಗರ. ರಾಯಾಪುರ ದಾಟಿದ ಮೇಲೆ ಚಿಗರಿ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್) ಬಸ್ಸು ಅದಕ್ಕೇ ಮೀಸಲಾದ ಪಟ್ಟಿಯಲ್ಲಿ, ನಾನು ನನ್ನ ಪಟ್ಟಿಯಲ್ಲಿ. ನಾಲ್ಕನೇ ಗೇರಿನಲ್ಲಿ ಸ್ವಲ್ಪ ಕಿವಿ ಹಿಂಡಿದೆ. ಅಯ್ಯೋ, ಆ ಸದ್ದು! 270 ಡಿಗ್ರಿ ಕ್ರ್ಯಾಂಕ್, ಅಂದರೆ ಎರಡು ಸಿಲಿಂಡರ್ ಸಮ ಅಂತರದಲ್ಲಿ ಸಿಡಿಯಲ್ಲ, ಅಂತ ಓದಿದ್ದೆ. ಅದು ಎದೆಗೆ ಬಡಿಯೋದು ಹೇಗೆ ಅಂತ ಸತ್ತೂರಿನ ಹತ್ತಿರ ತಿಳೀತು. ಹಂಪ್ ಬಂದಾಗ ಎದ್ದು ನಿಲ್ಲೋಕೆ ಆಗಲ್ಲ, ಕಾಲು ಮುಂದಿರುತ್ತೆ, ಪೆಟ್ಟು ನೇರ ಬೆನ್ನಿಗೆ. ಅವೆಂಜರ್‌ನವರಿಗೆ ಇದೇನು ಹೊಸದಲ್ಲ ಬಿಡಿ. ಟೋಲ್‌ನಾಕಾ ಬರೋದರೊಳಗೆ ಮನಸ್ಸು ಗಟ್ಟಿ ಆಗಿತ್ತು.

ಹಣದ ಮಾತು ಒಂದೇ ಸಾಲಲ್ಲಿ ಮುಗಿಸ್ತೀನಿ, ಜಾಸ್ತಿ ಬರೆದರೆ ಹೊಟ್ಟೆ ಉರಿಯುತ್ತೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಅದಕ್ಕಿಂತ ದೊಡ್ಡದಕ್ಕೆ 40 ಆಯ್ತು. ನನಗೆ ಮನಸ್ಸಾಗಿದ್ದು ದೊಡ್ಡದರ ಮೇಲೆ. ನನ್ನ ನಸೀಬು.

ಸರಿ, ಈಗ ಕರ್ರ್ರ್.

ನಮ್ಮದು ಅಜ್ಜನ ಕಾಲದ ಮನೆ. ಅಂಗಳ ರಸ್ತೆಗಿಂತ 14 ಇಂಚು ಮೇಲಿದೆ. ನಡುವೆ ಗಟಾರ. ಅದರ ಮೇಲೆ ಯಾವಾಗಲೋ ಹಾಕಿದ ಕಾಂಕ್ರೀಟ್ ಉತಾರ (ಇಳಿಜಾರು), ಉದ್ದ 42 ಇಂಚು. ಮೂರಡಿ ಹೋದರೆ ಒಂದಡಿ ಏರು. ಕೋನ ಹತ್ತೊಂಬತ್ತೂವರೆ ಡಿಗ್ರಿ. ಉತಾರ ಮುಗಿಯೋ ಜಾಗದಲ್ಲಿ ಗೇಟು, ಅಲ್ಲಿಂದ ಒಳಗೆ ಸಪಾಟು ಶಹಾಬಾದ್ ಫರಸಿ. ಆ ಮೂಲೆಯೇ ನನ್ನ ವೈರಿ.

ನೂಕಿ ಏರಿಸೋ ಮಾತೇ ಇಲ್ಲ. ಮೂರಕ್ಕೊಂದು ಏರು ಅಂದರೆ ಗಾಡಿ ತೂಕದ ಮೂರನೇ ಒಂದು ಭಾಗ ನಮ್ಮ ಎದೆ ಮೇಲೆ. ಅವೆಂಜರ್ 163 ಕೇಜಿ, ಅಂದರೆ 54 ಕೇಜಿ ಒತ್ತಬೇಕು. ಸೂಪರ್ ಮೀಟಿಯರ್ 241, ಅಂದರೆ 80. ಮಳೆಗಾಲದಲ್ಲಿ ಪಾಚಿ ಮೇಲೆ ನಿಂತು 80 ಕೇಜಿ ಒತ್ತೋಕೆ ನಾನೇನು ಗರಡಿಮನೆ ಪೈಲ್ವಾನನೇ? ಎಂಜಿನ್ ಮೇಲೇ ಏರಿಸಬೇಕು, ಸೀಟಿನ ಮೇಲೆ ಕೂತೇ ಏರಿಸಬೇಕು. ಕೂತರೆ ತಾಗುತ್ತೆ.

ಅವತ್ತು ರಾತ್ರಿ ಮಗಳ ಗಣಿತದ ನೋಟ್‌ಬುಕ್ ಇಸಿದುಕೊಂಡೆ. ಎರಡು ಗಾಲಿ ಮೂಲೆಯ ಆಚೆ ಈಚೆ ಸಮ ದೂರದಲ್ಲಿದ್ದಾಗ ಮೂಲೆ ಎಷ್ಟು ಮೇಲೆ ಚುಚ್ಚುತ್ತೆ? ಅರ್ಧ ವೀಲ್‌ಬೇಸ್ (ಎರಡು ಗಾಲಿಗಳ ನಡುವಿನ ಅಂತರ) ಗುಣಿಲೆ ಅರ್ಧ ಕೋನದ ಟ್ಯಾನ್. ಅಷ್ಟೇ. ಸೂಪರ್ ಮೀಟಿಯರ್ ವೀಲ್‌ಬೇಸ್ 1500 ಮಿಲಿ, ಉತ್ತರ 129. ಅದರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಹೊಟ್ಟೆಗಿರೋ ಎತ್ತರ, 135. ಉಳೀತು 6 ಮಿಲಿ! ಗಾಲಿ ಗುಂಡಗಿರೋದರಿಂದ ಇನ್ನೊಂದು ನಾಲ್ಕು ಮಿಲಿ ದಾನ ಸಿಗಬಹುದು. ನಾನು 84 ಕೇಜಿ. ಕೂತರೆ ಸಸ್ಪೆನ್ಷನ್ ಎರಡೂವರೆ ಸೆಂಟಿಮೀಟರ್ ಆದರೂ ಕುಸಿಯುತ್ತೆ. ಅದಕ್ಕೇ ನಾನು ಇಳಿದ ಕೂಡಲೇ ಗಾಡಿ ಬಿಡಿಸಿಕೊಂಡಿದ್ದು. ತಪ್ಪು ಗಾಡಿಯದಲ್ಲ, ಅಜ್ಜನದು. ಅಜ್ಜ ಸೈಕಲ್ ಇಟ್ಟವರು.

ಹಾಗೇ ಉಳಿದವನ್ನೂ ಲೆಕ್ಕ ಹಾಕಿದೆ. ಮೀಟಿಯರ್ 350ಕ್ಕೆ 1400 ವೀಲ್‌ಬೇಸ್, 120 ಬೇಕು, 170 ಇದೆ. ಆರಾಮ. ಅವೆಂಜರ್‌ಗೆ 128 ಬೇಕು, 169 ಇದೆ. ಒಂಬತ್ತು ವರ್ಷದಲ್ಲಿ ತಾಗಿದ್ದು ಒಂದೇ ಸಲ, ಹಿಂದೆ ಹೆಂಡತಿ ಮತ್ತು ಜೋಳದ ಚೀಲ ಇದ್ದಾಗ. (ಚೀಲದ್ದೇ ತಪ್ಪು ಅಂತ ಇಬ್ಬರೂ ಒಪ್ಪಿದ್ದೇವೆ.) ಕವಾಸಾಕಿ ವಲ್ಕನ್ ಎಸ್ ಕನಸು ಒಂದಿತ್ತು. 1575 ವೀಲ್‌ಬೇಸ್, 135 ಬೇಕು, ಇರೋದು 130. ಆ ಕನಸು ಯಾರೂ ಕೂರದೇ ಇದ್ದರೂ ತಾಗುತ್ತೆ. ಓಡಿಸದೆಯೇ ಪಟ್ಟಿಯಿಂದ ಹೊಡೆದು ಹಾಕಿದೆ. ನನ್ನ ಜೀವನದ ಅತಿ ಅಗ್ಗದ ಟೆಸ್ಟ್ ರೈಡ್.

ಮೊದಲ ಉಪಾಯ ಕಬ್ಬಿಣದ ಪ್ಲೇಟ್. ಆರಡಿ ಉದ್ದದ ಚೆಕ್ಕರ್ ಪ್ಲೇಟ್ ಉತಾರದ ಮೇಲೆ ಒರಗಿಸಿಟ್ಟರೆ ಕೋನ 11 ಡಿಗ್ರಿಗೆ ಇಳಿಯುತ್ತೆ. ಕಾಗದದ ಮೇಲೆ ಚೊಕ್ಕ ಪರಿಹಾರ. ಫ್ಯಾಬ್ರಿಕೇಷನ್‌ನವನಿಗೆ ಹೇಳಿದ್ದು 6 ಮಿಲಿ ದಪ್ಪ, ಎರಡು ದಿನ. ಬಂದದ್ದು 4 ಮಿಲಿ, ಹದಿನಾರು ದಿನಕ್ಕೆ. "ಆರೂ ನಾಕೂ ಏನ್ ಭಾಳ ಫರಕ್ ಇಲ್ರೀ ಸರ್," ಎಂದ. ಅವೆಂಜರ್ ಏರಿಸಿದೆ. ಪ್ಲೇಟ್ ನಡುವೆ ತೊಟ್ಟಿಲಿನ ಹಾಗೆ ಜಗ್ಗಿತು, ಕೆಳಗಿನ ತುದಿ ಟಣ್ ಅಂತ ಎದ್ದು ಗಟಾರದ ಕಡೆ ಜಿಗಿಯಿತು. ಇನ್ನು 6 ಮಿಲಿಯದೇ ತಂದಿದ್ದರೆ? ಎರಡಡಿ ಅಗಲಕ್ಕೆ 50 ಕೇಜಿ ಮೇಲಾಗುತ್ತೆ. ಓಣಿಗೆ ಎರಡೂವರೆ ಅಡಿ ಚಾಚಿಕೊಂಡಿರೋದರಿಂದ ದಿನಾ ತೆಗೆದಿಡಬೇಕು. ಗಾಡಿ ಒತ್ತೋ ಕಷ್ಟ ತಪ್ಪಿಸೋಕೆ ಬೆಳಿಗ್ಗೆ ಸಂಜೆ ಕಬ್ಬಿಣ ಹೊರೋದು. ಪ್ಲೇಟ್ ಈಗ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಬಿದ್ದಿದೆ. ಅವ್ವ ಅದರ ಮೇಲೆ ಸಂಡಿಗೆ ಒಣಗಿಸುತ್ತಾಳೆ. ಒಂದಕ್ಕಾದರೂ ಬಂತು.

ಹತ್ತು ದಿನ ತಲೆ ಕೆಟ್ಟಿತ್ತು. ಆಮೇಲೆ ಒಂದು ಸಂಜೆ ಶೆಡ್‌ನಲ್ಲಿ ಹಳೆ ಸ್ಕೂಟರ್ ಗಾಲಿ ಎರಡು ಕಂಡವು.

ಶೆಡ್ ಅಂದ ಮೇಲೆ ಅಲ್ಲಿ ಮಲಗಿರೋ ಅಪ್ಪನ ಯಜ್ಡಿ ರೋಡ್‌ಕಿಂಗ್ ಬಗ್ಗೆ ಹೇಳದೆ ಹೋಗೋಕಾಗಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ನಮ್ಮ ಗಾಡಿ ಅದಾದ ಎಷ್ಟೋ ವರ್ಷ ಓಡ್ತಿತ್ತು. 250 ಸಿಸಿ, ಟೂ ಸ್ಟ್ರೋಕ್. ಕಿಕ್ ಹೊಡೆಯೋ ಲಿವರೇ ಮಡಚಿದರೆ ಗೇರ್ ಲಿವರ್. ಈಗಿನ ಹುಡುಗರಿಗೆ ಹೇಳಿದರೆ ಸುಳ್ಳು ಅಂತಾರೆ. ಟ್ಯಾಂಕ್ ಒಳಗೆ ತುಕ್ಕು, ಕ್ರ್ಯಾಂಕ್ ಜಾಮ್, ವೈರಿಂಗ್ ಇಲಿ ಊಟ. ದೊಡ್ಡ ಗಾಡಿ ಬಂದ ಮೇಲೆ ಮುಂದಿನ ಪ್ರಾಜೆಕ್ಟ್ ಇದೇ. ಕಾರ್ಬ್ಯುರೇಟರ್ ಈಗಾಗಲೇ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೀನಿ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇರಲಿ, ಗಾಲಿ. ಒಂದು ಉದ್ದದ ರೀಪು ತಗೊಂಡು ಎರಡೂ ಗಾಲಿ ಸರಿಯಾಗಿ 1500 ಮಿಲಿ ದೂರಕ್ಕೆ ಕೂರಿಸಿದೆ. ನಡುವೆ ಒಂದು ಉದ್ದ ಬೋಲ್ಟ್ ಇಳಿಬಿಟ್ಟೆ, ನೆಲದಿಂದ 110 ಮಿಲಿ ಎತ್ತರಕ್ಕೆ. 135ರಲ್ಲಿ ನನ್ನ ಭಾರದ 25 ಕಳೆದು. ಬೋಲ್ಟಿನ ತುದಿಗೆ ಸೀಮೆಸುಣ್ಣ ಕಟ್ಟಿದೆ. ಈ ಅಸ್ಥಿಪಂಜರವನ್ನು ಉತಾರದ ಮೇಲೆ ಹತ್ತಿಸಿ ಇಳಿಸಿದೆ. ಕಾಕಾ ಪೇಪರ್ ಮಡಚಿಟ್ಟು ಎದ್ದೇ ಬಂದರು. "ಇದಕ್ಕೂ ಆರ್‌ಸಿ ಬುಕ್ ಐತೇನ?"

ನಾನು ತಿಳಿದಿದ್ದು ಉತಾರ ಪೂರ್ತಿ ಒಡೆದು ಉದ್ದ ಮಾಡಬೇಕು ಅಂತ. ಸುಣ್ಣದ ಗೆರೆ ಬೇರೆ ಮಾತು ಹೇಳ್ತು. ಗೆರೆ ಬಿದ್ದಿದ್ದು ಮೂಲೆಯ ಎಡಬಲ ಒಂದು ಗೇಣು ಜಾಗದಲ್ಲಿ ಮಾತ್ರ. ಉಳಿದ ಉತಾರ ನಿರಪರಾಧಿ! ಮೂಲೆಯ ಮೂಗು ಕೊಯ್ದರೆ ಸಾಕು. ಆ ಕಡೆ ಹತ್ತೂವರೆ ಇಂಚು, ಈ ಕಡೆ ಹತ್ತೂವರೆ ಇಂಚು ಚೂರಿಯಲ್ಲಿ ಕತ್ತರಿಸಿದ ಹಾಗೆ ಓರೆಯಾಗಿ ತೆಗೆದರೆ ತುದಿ 45 ಮಿಲಿ ಕೆಳಗೆ ಹೋಗುತ್ತೆ. 129ರ ಬದಲು 84 ಚುಚ್ಚುತ್ತೆ. 110 ಇದೆ. ಗೆದ್ದೆ. ಒಂದು ಸಾಲು ಫರಸಿ, ಒಂದು ದಿನದ ಕೆಲಸ.

ಗೌಂಡಿ ಬಂದದ್ದು ನಾಲ್ಕನೇ "ನಾಳೆ"ಗೆ. ಉಳಿ ಹಚ್ಚಿ ಎರಡು ಪೆಟ್ಟು ಹಾಕಿ ನಿಲ್ಲಿಸಿದ. "ಸಾಹೇಬ್ರ, ಕೆಳಗ ನೀರಿನ ಪೈಪ್ ಐತಿ ನೋಡ್ರಿ." ಎದೆ ಝಲ್ ಅಂತು. ಅಳೆದು ನೋಡಿದರೆ ಪೈಪ್ ನಾವು ಕೊಯ್ಯೋ ಗೆರೆಗಿಂತ ಎರಡು ಇಂಚು ಕೆಳಗಿತ್ತು. ಅಲ್ಲಿಂದ ಮುಂದೆ ಅವನು ಕೆತ್ತಿದ, ನಾನು ಪಕ್ಕದಲ್ಲಿ ಕೂತು ಪ್ರತಿ ಪೆಟ್ಟಿಗೂ ಕಣ್ಣು ಮುಚ್ಚಿದೆ. ಸಂಜೆ ಹೊತ್ತಿಗೆ ಮೂಲೆ ಹೋಗಿ ಓರೆ ಬಂತು, ಮೇಲೆ ಒರಟು ಸಿಮೆಂಟು, ಗಾಲಿ ಜಾರದಂತೆ ಕಸಬರಿಗೆಯಿಂದ ಗೀರು.

ಅವ್ವನ ತಕರಾರು ಮರುದಿನ ಶುರುವಾಯ್ತು. ಹೊಸ್ತಿಲು ಇಳಿದ ಮೇಲೆ ಗೇಟಿನ ಕೆಳಗೆ ಅಷ್ಟೇ ಸಂದು. "ಹೆಗ್ಗಣಕ್ಕ ದಾರಿ ಮಾಡಿ ಕೊಟ್ಟಿ ಅಲ್ಲೋ? ನಿನ್ನ ಗಾಡಿಗಿಂತ ಮೊದಲ ಅದ ಒಳಗ ಬರತದ." ಮಾತು ನಿಜ. ಹಳೆ ಟೈರ್ ಒಂದನ್ನು ಪಟ್ಟಿ ಕೊಯ್ದು ಗೇಟಿನ ಕೆಳಗೆ ಬೋಲ್ಟ್ ಹಾಕಿ ಜೋಡಿಸಿದೆ. ಟೈರ್ ಕೊಯ್ಯೋಕೆ ಹ್ಯಾಕ್ಸಾ ಬ್ಲೇಡ್ ಮೂರು ಮುರಿದವು. ಯಾರಾದರೂ ಮಾಡೋದಿದ್ದರೆ ಸೋಪಿನ ನೀರು ಬಿಟ್ಟುಕೊಂಡು ಕೊಯ್ಯಿರಿ, ನನಗೆ ಇದು ಮೂರನೇ ಬ್ಲೇಡ್ ಆದ ಮೇಲೆ ಹೊಳೀತು.

ನಿನ್ನೆ ಉತಾರ, ಓರೆ, ಅಂಗಳ ಮೂರರ ಮೇಲೂ ಹಲಗೆ ಹಾಸಿ, ಗಾಲಿ ಹಸಿ ಸಿಮೆಂಟಿಗೆ ತಾಗದಂತೆ, ಅಸ್ಥಿಪಂಜರವನ್ನು ಮತ್ತೆ ಹತ್ತಿಸಿದೆ. ಹಲಗೆಯ ದಪ್ಪ ಎಲ್ಲ ಕಡೆ ಒಂದೇ, ಲೆಕ್ಕ ತಪ್ಪಲ್ಲ. ಸೀಮೆಸುಣ್ಣ ಎಲ್ಲೂ ಗೆರೆ ಬಿಡಲಿಲ್ಲ. ಬೋಲ್ಟ್ ಕೆಳಗೆ ಎರಡು ಬೆರಳು ತೂರಿಸಿದರೆ ನಿಧಾನಕ್ಕೆ ಹೋಗ್ತವೆ.

ಶೋರೂಮಿನ ಹುಡುಗನಿಗೆ ಫೋನ್ ಮಾಡಿದೆ. ಎರಡು ಸೆಕೆಂಡ್ ಸುಮ್ಮನಿದ್ದ. "ಅದ ಮನೀನಾ ಸರ್?" ಎಂದ. ಹೂಂ ಅಂದೆ. ಮುಂದಿನ ಭಾನುವಾರ ತರ್ತಾನಂತೆ, ಆದರೆ ಈ ಸಲ ಏರಿಸೋದು ಅವನೇ ಅಂತೆ. ಅವನು 55 ಕೇಜಿಯೂ ಇಲ್ಲ, ಆ ಪರೀಕ್ಷೆ ಒಪ್ಪೋಕಾಗಲ್ಲ. ಹಿಂದೆ ನಾನು ಕೂರ್ತೀನಿ ಅಂದಿದ್ದೀನಿ.

ಸಿಮೆಂಟಿಗೆ ಇನ್ನೂ ಐದು ದಿನ ನೀರು ಹೊಡೀಬೇಕು. ಅಲ್ಲಿಯವರೆಗೆ ಅವೆಂಜರ್ ಕಾಕಾರ ಅಂಗಳದಲ್ಲಿ. ಬಾಡಿಗೆ ಮೊದಲೇ ಮಾತಾಡಿಕೊಂಡಿದ್ದಾರೆ: ಪಾವ್ ಕೇಜಿ ಫೇಡೆ. ಎಮ್ಮಿ ಹಾಲಿಂದೇ ಆಗಬೇಕಂತೆ.