ಇನ್ನೊಂದು ಮುಳ್ಳು

ಸುಮಾರು ದಿನಗಳಿಂದ ನಮ್ಮ ಜೀಪಿನ ಟ್ಯಾಂಕು ತುಂಬಿಯೇ ಇತ್ತು. ಮುಳ್ಳಿನ ಪ್ರಕಾರ. ಬಾಳೆಹೊನ್ನೂರಿಗೆ ಹೋಗಿ ಬಂದರೂ ಫುಲ್, ಕೊಪ್ಪಕ್ಕೆ ಹೋಗಿ ಬಂದರೂ ಫುಲ್. ಡೀಸೆಲ್ ರೇಟಿಗೆ ಇಂಥ ಗಾಡಿ ಎಲ್ಲರಿಗೂ ಸಿಗಬೇಕು.

ಶುರುವಾಗಿದ್ದು ಡ್ಯಾಶ್‌ಬೋರ್ಡ್ ಬದಲಾಯಿಸಿದ ಮೇಲೆ. ಹಳೇ ತಗಡಿನದು ತುಕ್ಕು ತಿಂದು ತೂತು ಬಿದ್ದಿತ್ತು. ಭಾವ ಎಲ್ಲಿಂದಲೋ ಫೈಬರ್‌ದು ಹುಡುಕಿ ತಂದರು. ಜೊತೆಗೆ ಗುಜರಿಯಿಂದ ಇನ್ನೊಂದು ಹಳೇ ಜೀಪಿನ ಮೀಟರ್ ಸೆಟ್. ನೋಡಲು ಚೆಂದವೇ ಇದೆ, ಸುಳ್ಳು ಹೇಳಬಾರದು. ಆದರೆ ಕೀ ತಿರುಗಿಸಿದ ಸ್ವಲ್ಪ ಹೊತ್ತಿಗೆ ಡೀಸೆಲ್ ಮುಳ್ಳು ಮೆಲ್ಲಗೆ ಏರಿ ಫುಲ್ ದಾಟಿ ನಿಲ್ಲುತ್ತಿತ್ತು.

ದೊಡ್ಡಪ್ಪನಿಗೆ ಇದರಿಂದ ಏನೂ ತೊಂದರೆಯಿಲ್ಲ. ನಮ್ಮ ಜೀಪಿನಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಅವರ ಹತ್ತಿರ ಒಂದು ಬಿದಿರಿನ ಕಡ್ಡಿ ಇದೆ, ಅದರಲ್ಲಿ ಕತ್ತಿಯಿಂದ ಹಾಕಿದ ಕಚ್ಚುಗಳಿವೆ. ಸೀಟು ಎತ್ತಿ, ಮುಚ್ಚಳ ತೆಗೆದು, ಕಡ್ಡಿ ಇಳಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಅದೇ ಕೈಯಲ್ಲಿ ಕಾಫಿ ಲೋಟ ಹಿಡಿದು ದೊಡ್ಡಮ್ಮನ ಹತ್ತಿರ ಬೈಸಿಕೊಳ್ಳುತ್ತಾರೆ. "ಮುಳ್ಳು ಎಂತಕ್ಕೆ ಮಾರಾಯ, ಕಡ್ಡಿ ಇಲ್ವಾ?" ಎನ್ನುವುದು ಅವರ ವಾದ. ಆದರೆ ಗಾಡಿ ಓಡಿಸುವವರು ಅವರೊಬ್ಬರೇ ಅಲ್ಲವಲ್ಲ. ಡೀಸೆಲ್ ಗಾಡಿ ಪೂರ್ತಿ ಖಾಲಿಯಾದರೆ ಕ್ಯಾನಿನಲ್ಲಿ ತಂದು ಸುರಿದು ಹೊರಡಲಾಗುವುದಿಲ್ಲ. ಪೈಪಿನೊಳಗೆ ಏರ್ ಹಿಡಿದಿರುತ್ತದೆ, ನಟ್ ಸಡಿಲಿಸಿ, ಪಂಪ್ ಒತ್ತಿ ಒತ್ತಿ ಅದನ್ನು ಹೊರಗೆ ಹಾಕಬೇಕು. ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಟಾರ್ಚ್ ಹಿಡಿದು ಈ ಕೆಲಸ ಮಾಡಿದವರಿಗೆ ಮುಳ್ಳಿನ ಬೆಲೆ ಗೊತ್ತು.

ಪೇಟೆಯ ಮೆಕ್ಯಾನಿಕ್ ಮೊದಲು ನೋಡಿದರು. ಅವರು ಮಾಡಿದ ಪರೀಕ್ಷೆ ತಪ್ಪೇನಲ್ಲ. ಟ್ಯಾಂಕಿನ ಮೇಲಿನ ವೈರ್ ಕಿತ್ತರು, ಮುಳ್ಳು ಕೆಳಗೆ ಬಂತು. ಅದೇ ವೈರನ್ನು ಜೀಪಿನ ಕಬ್ಬಿಣದ ಬಾಡಿಗೆ ತಾಗಿಸಿದರು, ಮೇಲೆ ಹೋಯಿತು. "ಮೀಟರ್ ಸರಿ ಉಂಟು, ಫ್ಲೋಟ್ ಹೋಗಿದೆ" ಎಂದು, ಟ್ಯಾಂಕಿನೊಳಗೆ ತೇಲುತ್ತಾ ಡೀಸೆಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಆ ಭಾಗವನ್ನು ಹೊಸದು ಹಾಕಿದರು. ಮುಳ್ಳು ಮತ್ತೆ ಫುಲ್. ಒಳ್ಳೆಯ ಕೆಲಸಗಾರರು, ಆದರೆ ಅವರ ಬಾಯಲ್ಲಿ "ಗೊತ್ತಾಗ್ತಿಲ್ಲ" ಎಂಬ ಮಾತು ಬಂದಿದ್ದನ್ನು ನಾನಂತೂ ಕೇಳಿಲ್ಲ.

ಭಾವನದು ಬೇರೆ ದಾರಿ. ಅವರು ಓದಿಕೊಂಡು ಬರುತ್ತಾರೆ. ಫ್ಲೋಟಿಗೂ ಮೀಟರಿಗೂ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಹೊಂದಬೇಕಂತೆ. ಹಳೇ ಅಮೆರಿಕನ್ ಜೀಪುಗಳಲ್ಲಿ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 73 ಓಮ್, ತುಂಬಿದಾಗ 10. ಜನರಲ್ ಮೋಟರ್ಸ್ ಗಾಡಿಗಳದು ಉಲ್ಟಾ, ಖಾಲಿಗೆ 0, ತುಂಬಿದರೆ 90. ಒಂದರ ಮೀಟರಿಗೆ ಇನ್ನೊಂದರ ಫ್ಲೋಟ್ ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ. ಇದೆಲ್ಲ ನಿಜವೇ. ಊಟದ ಹೊತ್ತಿನಲ್ಲೂ ನಿಜವೇ, ರಾತ್ರಿ ಮಲಗುವ ಹೊತ್ತಿನಲ್ಲೂ ನಿಜವೇ. ನಮ್ಮ ಜೀಪಿಗೆ ಮಾತ್ರ ಸಂಬಂಧವಿರಲಿಲ್ಲ.

ಈ ನಡುವೆ ಇಂಜಿನ್ ಬಿಸಿಯಾಗುತ್ತಿದೆ ಎಂದು ಇನ್ನೊಂದು ಕಡೆ ರೇಡಿಯೇಟರ್ ತೊಳೆಸಿ ಥರ್ಮೋಸ್ಟಾಟ್ ಬದಲಾಯಿಸಿಯಾಗಿತ್ತು. ಅದು ಬೇರೆ ತಾಪತ್ರಯ ಎಂದೇ ಎಲ್ಲರ ಲೆಕ್ಕ. ನನ್ನದೂ.

ಈ ವಾರ ಬ್ಯಾಟರಿ ಟರ್ಮಿನಲ್ ಬಿಗಿ ಮಾಡಲು ಒಬ್ಬ ಹುಡುಗ ಬಂದ. ಗಂಡಸರಿಬ್ಬರೂ ಅಂಗಳದಲ್ಲಿ ಓಮ್ ಬಗ್ಗೆ ಜಗಳವಾಡುತ್ತಿದ್ದರು. ಅವನು ಅವರನ್ನು ಬಿಟ್ಟು, ಜೀಪಿನೊಳಗೆ ಕೂತಿದ್ದ ನನ್ನ ಕಡೆ ತಿರುಗಿ ಕೇಳಿದ: "ಅಕ್ಕಾ, ಆ ಇನ್ನೊಂದು ಮುಳ್ಳೂ ಹಿಂಗೇ ಏರುತ್ತಾ?"

ಟೆಂಪರೇಚರ್ ಮುಳ್ಳು. ಹೌದು, ಏರುತ್ತೆ ಎಂದೆ.

"ರಾತ್ರಿ ಮೀಟರ್ ಲೈಟ್ ಹತ್ತುತ್ತಾ?"

ಇಲ್ಲ. ಬಲ್ಬ್ ಹೋಗಿದೆ ಅಂತ ಭಾವ ಹೇಳಿದ್ದರು.

ಅವನು ಅಷ್ಟಕ್ಕೇ ನಿಲ್ಲಿಸಿ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದ. ಮೀಟರಿನ ಹಿಂದಿನ ಬೋಲ್ಟಿಗೆ ಒಂದು ವೈರ್ ಸುತ್ತಿ, ಅದರ ಇನ್ನೊಂದು ತುದಿಯನ್ನು ಬಾಡಿಯ ನಟ್ಟಿಗೆ ಹಿಡಿದ. ಮುಳ್ಳುಗಳು ತಟ್ಟನೆ ಬೀಳಲಿಲ್ಲ. ಆ ಹಳೇ ಮೀಟರುಗಳೊಳಗೆ ಬಿಸಿಗೆ ಬಗ್ಗುವ ಪಟ್ಟಿ ಇರುತ್ತದೆ, ಅದು ಆರುತ್ತಾ ಬಂದ ಹಾಗೆ ಎರಡೂ ಒಟ್ಟಿಗೆ ಇಳಿದವು. ಡೀಸೆಲ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. ದೊಡ್ಡಪ್ಪ ಕಡ್ಡಿ ಹಾಕಿ ನೋಡಿದರು. ಅರ್ಧದ ಕಚ್ಚಿಗಿಂತ ಒಂದು ಬೆರಳು ಕೆಳಗೆ.

ಸಂಗತಿ ಇಷ್ಟೇ. ಈ ಮೀಟರುಗಳಿಗೆ ಬ್ಯಾಟರಿಯ 12 ವೋಲ್ಟ್ ನೇರವಾಗಿ ಹೋಗುವುದಿಲ್ಲ. ನಡುವೆ ಒಂದು ಪುಟ್ಟ ರೆಗ್ಯುಲೇಟರ್ ಕೂತು, ಬಿಟ್ಟು ಬಿಟ್ಟು ಕರೆಂಟ್ ಕೊಡುತ್ತಾ ಅದನ್ನು ಕಡಿಮೆ ಮಾಡುತ್ತದೆ. ಅಮೆರಿಕನ್ ಜೀಪುಗಳಲ್ಲಿ ಸರಾಸರಿ 5 ವೋಲ್ಟಿಗೆ, ಇಂಗ್ಲಿಷ್ ಕಾರುಗಳಲ್ಲಿ 10ಕ್ಕೆ. ಆ ಕೆಲಸಕ್ಕೆ ಅದಕ್ಕೆ ಅರ್ಥ್ ಬೇಕು, ಅಂದರೆ ಕರೆಂಟ್ ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಹಳೇ ಡ್ಯಾಶ್‌ಬೋರ್ಡ್ ತಗಡಿನದು, ಅರ್ಥ್ ತಾನಾಗಿಯೇ ಸಿಗುತ್ತಿತ್ತು. ಫೈಬರಿನಲ್ಲಿ ಎಲ್ಲಿಂದ ಸಿಗಬೇಕು? ರೆಗ್ಯುಲೇಟರ್ ನಡುನಡುವೆ ಕರೆಂಟ್ ತಡೆಯುವುದನ್ನೇ ನಿಲ್ಲಿಸಿತು, ಪೂರ್ತಿ ಕರೆಂಟ್ ನುಗ್ಗಿ ಎರಡೂ ಮುಳ್ಳು ಏರಿದವು. ಬಲ್ಬುಗಳಿಗೂ ಅದೇ ತಗಡೇ ಅರ್ಥ್ ಆಗಿತ್ತು, ಹಾಗಾಗಿ ಲೈಟೂ ಇಲ್ಲ. ಸ್ಪೀಡೋಮೀಟರ್ ಮಾತ್ರ ಕೇಬಲ್‌ನಿಂದ ಓಡುವಂಥದ್ದು, ಕರೆಂಟೇ ಬೇಡ. ಅದು ಸರಿಯಾಗಿ ಓಡುತ್ತಿದ್ದುದರಿಂದ ಹೊಸ ಡ್ಯಾಶ್‌ಬೋರ್ಡಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

"ಆ ಇನ್ನೊಂದು ಮುಳ್ಳೂ ಹಿಂಗೇ ಏರುತ್ತಾ?" ಈ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ಎರಡು ಮುಳ್ಳುಗಳ ನಡುವೆ ಒಂದು ಗೇಣೂ ಇಲ್ಲ. ಆದರೂ ಒಂದಕ್ಕೆ ಒಬ್ಬ ಮೆಕ್ಯಾನಿಕ್, ಇನ್ನೊಂದಕ್ಕೆ ಇನ್ನೊಬ್ಬ, ಬಲ್ಬಿಗೆ ಭಾವ.

ಕೆಲವು ವರ್ಷಗಳ ಹಿಂದೆ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ಕಣ್ಣು ಮಂಜಾಗುತ್ತದೆ ಎಂದು ಕಣ್ಣಿನ ಡಾಕ್ಟರ ಹತ್ತಿರ, ಪಾದ ಜೋಮು ಹಿಡಿಯುತ್ತದೆ ಎಂದು ಎಣ್ಣೆ ತಿಕ್ಕುವವರ ಹತ್ತಿರ. ರಾತ್ರಿ ಮತ್ತೆ ಮತ್ತೆ ಎದ್ದು ಹೋಗುವುದನ್ನು ಯಾರಿಗೂ ಹೇಳಲೇ ಇಲ್ಲ, ವಯಸ್ಸಾಯ್ತಲ್ಲ ಅಂತ. ಒಂದೇ ರಕ್ತಪರೀಕ್ಷೆಯಲ್ಲಿ ಮೂರಕ್ಕೂ ಸಕ್ಕರೆ ಕಾಯಿಲೆಯೇ ಕಾರಣ ಎಂದು ಗೊತ್ತಾಯಿತು. ಅಲ್ಲಿಯವರೆಗೆ ನಾವು ಮೂರನ್ನೂ ಒಂದೇ ಬಾಯಲ್ಲಿ, ಒಬ್ಬರೇ ಮನುಷ್ಯರ ಮುಂದೆ ಹೇಳಿರಲಿಲ್ಲ. ತೋಟದ ಕೆಳಗಿನ ಮೂಲೆಯಲ್ಲೂ ಮೆಣಸಿನ ಬಳ್ಳಿ ಸೊರಗಿದ್ದಕ್ಕೆ ಒಂದು ಔಷಧಿ, ಪಕ್ಕದ ಅಡಿಕೆ ಮರ ಹಳದಿಯಾಗಿದ್ದಕ್ಕೆ ಒಂದು ಗೊಬ್ಬರ ನಡೆದಿದೆ. ಬಸಿಗಾಲುವೆ ಮುಚ್ಚಿದೆಯಾ ಎಂದು ನೋಡಲು ನಿನ್ನೆ ಹೋಗಿದ್ದೆ. ಅರ್ಧಕ್ಕರ್ಧ ಮಣ್ಣು ತುಂಬಿದೆ. ಅದೇ ಕಾರಣ ಅಂತ ಈಗಲೇ ಹೇಳಲಾರೆ, ಬಿಡಿಸಿ ನೋಡಬೇಕು.

ಹುಡುಗ ಬ್ಯಾಟರಿ ಕೆಲಸದ ದುಡ್ಡು ಮಾತ್ರ ತೆಗೆದುಕೊಂಡ. ವೈರಿಗೆ ಎಷ್ಟು ಅಂದರೆ ನಕ್ಕ.

ಈಗ ಮನೆಯಲ್ಲಿ ಹೊಸ ಚರ್ಚೆ, ಪೇಟೆಯ ಮೆಕ್ಯಾನಿಕ್ಕಿಗೆ ಇದನ್ನು ಹೇಳಬೇಕೋ ಬೇಡವೋ ಎಂದು. ಬಿಚ್ಚಿಟ್ಟ ಹಳೇ ಫ್ಲೋಟ್ ಚೆನ್ನಾಗಿಯೇ ಇದೆ, ಹೊಸದರ ದುಡ್ಡು ವಾಪಸ್ ಕೇಳೋಣ ಎನ್ನುವುದು ಭಾವನ ಹಟ. ದುಡ್ಡು ಬೇಡ, ಆದರೆ ಫೈಬರ್ ಹಾಕಿಸಿದ ಜೀಪು ಇನ್ನೆಷ್ಟೋ ಇವೆ, ವಿಷಯ ತಿಳಿಸು ಅಂತ ದೊಡ್ಡಪ್ಪ. ನನಗೆ ದೊಡ್ಡಪ್ಪನ ಮಾತೇ ಸರಿ ಅನಿಸುತ್ತದೆ, ಹೇಳುತ್ತೇನೆ. ಹುಡುಗನ ಹೆಸರು ಮಾತ್ರ ಎತ್ತುವುದಿಲ್ಲ. ಅವನು ಕೆಲಸ ಕಲಿತದ್ದು ಅವರ ಹತ್ತಿರವೇ ಅಂತೆ, ಮಾತಿಗೆ ಮಾತು ಬೆಳೆದು ಬಿಟ್ಟು ಬಂದನಂತೆ.