ಘಾಟಿ ಹತ್ತುವ ಪಿಕಪ್‌ಗೆ ಯಾವ ಟರ್ಬೊ, ಯಾವ ಕ್ಯಾಮ್?

ಬಯಲುಸೀಮೆಯ ಮ್ಯಾನ್ಯುಯಲ್ ಹಿಡಿದು ಮಡಿಕೇರಿಯಲ್ಲಿ ಕಂಪ್ರೆಷನ್ (ಸಿಲಿಂಡರ್‌ನೊಳಗೆ ಗಾಳಿ ಒತ್ತುವ ಬಲ) ಅಳೆದರೆ ಗಟ್ಟಿಮುಟ್ಟಾದ ಎಂಜಿನ್ ಕೂಡ ಸೋತಂತೆ ಕಾಣುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. ಮಡಿಕೇರಿಯ 1150 ಮೀಟರ್ ಎತ್ತರದಲ್ಲಿ ಅದು 880ರ ಆಸುಪಾಸು, ಅಂದರೆ ಶೇಕಡ 13ರಷ್ಟು ಕಡಿಮೆ. ಮಂಗಳೂರಿನಲ್ಲಿ 28 ಬಾರ್ ತೋರಿಸುವ ಡೀಸೆಲ್ ಸಿಲಿಂಡರ್ ಇಲ್ಲಿ ಇಪ್ಪತ್ತನಾಲ್ಕೂವರೆಯ ಹತ್ತಿರ ತೋರಿಸಿದರೆ ರಿಂಗ್ ಹೋಗಿದೆ ಎಂದು ಹೆಡ್ ಬಿಚ್ಚಬೇಡಿ. ಮ್ಯಾನ್ಯುಯಲ್ ಸಂಖ್ಯೆಯನ್ನು 0.87ರಿಂದ ಗುಣಿಸಿ, ಆಮೇಲೆ ಹೋಲಿಸಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮಾತ್ರ ಎಲ್ಲಿ ಅಳೆದರೂ ನಿಜವನ್ನೇ ಹೇಳುತ್ತದೆ.

ಕೊಡಗಿನ ಗಾಡಿಯ ಕಷ್ಟವೆಂದರೆ ಅದು ಎತ್ತರದಲ್ಲೇ ಉಳಿಯುವುದಿಲ್ಲ. ಬೆಳಿಗ್ಗೆ ಮಡಿಕೇರಿ, ಮಧ್ಯಾಹ್ನ ಸಂಪಾಜೆ ಘಾಟಿ ಇಳಿದು ಮಂಗಳೂರು, ರಾತ್ರಿ ಲೋಡು ಹೊತ್ತು ಮತ್ತೆ ಮೇಲೆ. ಎತ್ತರಕ್ಕೆಂದೇ ಟ್ಯೂನ್ ಮಾಡಿದ ಎಂಜಿನ್ ಕೆಳಗಿಳಿದಾಗ ಏಟು ತಿನ್ನುತ್ತದೆ. ಹಾಗಾಗಿ ಪ್ರತಿ ಭಾಗವನ್ನೂ ಎರಡೂ ತುದಿಯಲ್ಲಿ ನಿಭಾಯಿಸುತ್ತದೆಯೇ ಎಂದು ನೋಡಿಯೇ ಆರಿಸಬೇಕು.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಹಳೆಯ ಡೀಸೆಲ್‌ಗಳಲ್ಲಿ, ಉದಾಹರಣೆಗೆ ಮಹೀಂದ್ರದ 2523 ಸಿಸಿ ಡಿಐ ಎಂಜಿನ್ನಿನಲ್ಲಿ, ಪಂಪು ಸುರಿಯುವ ಡೀಸೆಲ್ ಅಷ್ಟೇ ಇರುತ್ತದೆ, ಗಾಳಿ ಮಾತ್ರ ಕಡಿಮೆಯಾಗುತ್ತದೆ. ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ. ಎಳೆತ ಸಾಲದೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವುದು ನಮ್ಮಲ್ಲಿ ಕಾಣುವ ದೊಡ್ಡ ತಪ್ಪು. ಅದರಿಂದ ಎಳೆತ ಬರುವುದಿಲ್ಲ, ಎಗ್ಸಾಸ್ಟ್ ಕಾಯುತ್ತದೆ, ಪಿಸ್ಟನ್ ತಲೆ ಸುಡುತ್ತದೆ, ಆಯಿಲ್ ಬೇಗ ಕಪ್ಪಾಗುತ್ತದೆ. ಪಂಪನ್ನು ಬೆಂಚಿನ ಮೇಲೆ ಸೆಟ್ ಮಾಡಿಸುವಾಗ ಗಾಡಿ ಮಡಿಕೇರಿಯಲ್ಲಿ ಓಡುತ್ತದೆಂದು ಹೇಳಿ, ಫುಲ್ ಲೋಡ್ ಡೀಸೆಲ್ ಸ್ವಲ್ಪ ಕಡಿಮೆ ಮಾಡಿಸಿ. ಮೈಲೇಜೂ ಸುಧಾರಿಸುತ್ತದೆ.

ಟರ್ಬೊ ಆರಿಸುವಾಗ ಲೆಕ್ಕ ಬೇಕೇ ಬೇಕು. ಸಮುದ್ರಮಟ್ಟದಲ್ಲಿ 1 ಬಾರ್ ಬೂಸ್ಟ್ ಎಂದರೆ ಟರ್ಬೊದ ಕಂಪ್ರೆಸರ್ ಗಾಳಿಯನ್ನು ಹೆಚ್ಚುಕಡಿಮೆ 2 ಪಟ್ಟು ಒತ್ತುತ್ತಿದೆ ಎಂದರ್ಥ. ಅಷ್ಟೇ ಗಾಳಿ ಮಡಿಕೇರಿಯಲ್ಲಿ ಸಿಗಬೇಕಾದರೆ ಸುಮಾರು 2.28 ಪಟ್ಟು ಒತ್ತಬೇಕು. ಕಂಪ್ರೆಸರ್ ದಕ್ಷತೆ ಶೇಕಡ 70 ಎಂದು ಹಿಡಿದರೆ, 25 ಡಿಗ್ರಿಯ ಗಾಳಿ ಮೊದಲನೆಯದರಲ್ಲಿ 118 ಡಿಗ್ರಿಗೆ, ಎರಡನೆಯದರಲ್ಲಿ 138 ಡಿಗ್ರಿಗೆ ಕಾದು ಹೊರಬರುತ್ತದೆ. ಬೂಸ್ಟ್ ಮಿತಿಯಲ್ಲಿಡುವ ವೇಸ್ಟ್‌ಗೇಟಿನ ರಾಡ್ ಬಿಗಿಮಾಡಿ ಬೂಸ್ಟ್ ಏರಿಸಿದವರ ಟರ್ಬೊ ಬೇಗ ಆಯಿಲ್ ಕಾರುವುದಕ್ಕೆ ಕಾರಣ ಇದೇ: ವೀಲ್ ಮಿತಿ ಮೀರಿ ತಿರುಗುತ್ತದೆ, ಬೇರಿಂಗ್ ಸೋಲುತ್ತದೆ. ತಯಾರಕರು ಕೊಡುವ ದಕ್ಷತೆಯ ನಕ್ಷೆಯಲ್ಲಿ (ಕಂಪ್ರೆಸರ್ ಮ್ಯಾಪ್) 2.3 ಪಟ್ಟಿನ ಗೆರೆ ಒಳ್ಳೆಯ ದಕ್ಷತೆಯ ಭಾಗದೊಳಗೇ ಬೀಳುವ ಟರ್ಬೊ ತೆಗೆದುಕೊಳ್ಳಿ. ಟರ್ಬೈನ್ ಹೌಸಿಂಗ್ ಚಿಕ್ಕದಿರಲಿ. ಸಂಪಾಜೆ ತಿರುವಿನಲ್ಲಿ ಸೆಕೆಂಡ್ ಗೇರ್‌ನಲ್ಲಿ 1500 ಆರ್‌ಪಿಎಂಗೆ ಇಳಿದಾಗ ದೊಡ್ಡ ಟರ್ಬೊ ಎದ್ದೇಳುವುದೇ ಇಲ್ಲ.

ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದೆ ಟರ್ಬೊ ಹಾಕಿಸಬೇಡಿ. ಗಾಡಿ ನಿಧಾನವಾಗಿ ಹತ್ತುವಾಗ ಮುಂದಿನಿಂದ ಗಾಳಿ ನುಗ್ಗುವುದಿಲ್ಲ, ಆದ್ದರಿಂದ ಫ್ಯಾನ್ ಕ್ಲಚ್ ಮತ್ತು ಫ್ಯಾನ್ ಸುತ್ತಲಿನ ಕವಚ (ಶ್ರೌಡ್) ಸರಿಯಿರಲೇಬೇಕು. ಟರ್ಬೈನಿಗೆ ಮೊದಲು, ಮ್ಯಾನಿಫೋಲ್ಡ್‌ನಲ್ಲೇ ಎಗ್ಸಾಸ್ಟ್ ಉಷ್ಣತೆಯ ಗೇಜ್ ಹಾಕಿಸಿ. ಉದ್ದನೆಯ ಏರಿನಲ್ಲಿ 700 ಡಿಗ್ರಿ ದಾಟುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಒಂದು ಗೇರ್ ಇಳಿಸಿ. ಕಾಮನ್ ರೈಲ್ ಡೀಸೆಲ್ ಗಾಡಿಗಳ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಗಾಳಿಯ ಒತ್ತಡ ನೋಡಿಯೇ ಡೀಸೆಲ್ ಅಳೆಯುತ್ತದೆ. ಡೀಸೆಲ್ ಒತ್ತಡ ಅಳೆಯುವ ರೈಲ್ ಸೆನ್ಸರ್‌ನ ಹೆಸರಿನಲ್ಲಿ ಇಸಿಯುಗೆ ಸುಳ್ಳು ಸಂಕೇತ ಕೊಡುವ ಟ್ಯೂನಿಂಗ್ ಬಾಕ್ಸ್ ಆ ಲೆಕ್ಕವನ್ನೇ ಕೆಡಿಸುತ್ತದೆ.

ಕಾರ್ಬೊರೇಟರ್ ಇರುವ ಪೆಟ್ರೋಲ್ ಜೀಪ್‌ಗಳ ದಾರಿ ಬೇರೆ. ಪೆಟ್ರೋಲ್ ಹಾಯುವ ತೂತಾದ ಮೇನ್ ಜೆಟ್ ಪ್ರತಿ 600 ಮೀಟರಿಗೆ ಒಂದು ಸೈಜ್ ಚಿಕ್ಕದಾಗಬೇಕೆಂಬುದು ರೂಢಿಯ ಲೆಕ್ಕ. ಆದರೆ ಮಂಗಳೂರಿಗೂ ಹೋಗುವ ಗಾಡಿಗೆ ಒಂದೇ ಸೈಜ್ ಇಳಿಸಿ, ಪ್ಲಗ್ ಬಣ್ಣ ನೋಡಿ. ಎರಡು ಇಳಿಸಿದರೆ ಕೆಳಗೆ ಮಿಶ್ರಣ ಬಡಕಲಾಗಿ ವಾಲ್ವ್ ಸುಡುತ್ತದೆ. ಕಂಪ್ರೆಷನ್ ರೇಷಿಯೋದ್ದೂ ಇದೇ ಕಥೆ. ಎತ್ತರದಲ್ಲಿ ನಾಕಿಂಗ್ (ಸಿಲಿಂಡರ್‌ನಲ್ಲಿ ಮಿಶ್ರಣ ಸಿಡಿಯುವ ಸದ್ದು) ಕಡಿಮೆಯೆಂದು ಹೆಡ್ ತೇಯಿಸಿ ಏರಿಸಿದರೆ ಕರಾವಳಿಯ ಸೆಕೆಯಲ್ಲಿ ಲೋಡ್ ಎಳೆಯುವಾಗ ಟಕಟಕ ಶುರು.

ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಕಂಪನಿಯದ್ದೇ ಇರಲಿ, ಬದಲಿಸಲೇಬೇಕಾದರೆ ಕಡಿಮೆ ಡ್ಯುರೇಷನ್‌ನದ್ದು, ಅಂದರೆ ವಾಲ್ವನ್ನು ಕಡಿಮೆ ಹೊತ್ತು ತೆರೆದಿಡುವಂಥದ್ದು. ಡ್ಯುರೇಷನ್ ಹೆಚ್ಚಿದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಮೊದಲೇ ತೆಳುವಾದ ಗಾಳಿ ವಾಪಸ್ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಕೂಡ ಬೀಳುತ್ತದೆ, ಬ್ರೇಕ್ ಪೆಡಲ್‌ಗೆ ನೆರವಾಗುವ ಬ್ರೇಕ್ ಬೂಸ್ಟರ್ ಬದುಕುವುದು ಅದರ ಮೇಲೆ. ಡೀಸೆಲ್ ಗಾಡಿಯ ವ್ಯಾಕ್ಯೂಮ್ ಪಂಪು ಸಹ ಇಲ್ಲಿ ಸುಮಾರು ಶೇಕಡ 13 ಕಡಿಮೆಯೇ ಕೊಡುತ್ತದೆ. ಲೋಡ್ ಹೊತ್ತು ಘಾಟಿ ಇಳಿಯುವವರು ಆ ಪಂಪಿನ ಹೋಸ್, ನಾನ್-ರಿಟರ್ನ್ ವಾಲ್ವ್ ಎರಡನ್ನೂ ಮಳೆಗಾಲಕ್ಕೆ ಮುನ್ನ ನೋಡಿಸಿಬಿಡಿ.

ಟೈರ್ ಅಂದಕ್ಕಾಗಿ ದೊಡ್ಡದು ಹಾಕುವವರು ಎಳೆತ ಕಳೆದುಕೊಳ್ಳುತ್ತಾರೆ. 215/75 ಆರ್15 ಬದಲು 235/75 ಹಾಕಿದರೆ ವ್ಯಾಸ ಶೇಕಡ 4ಕ್ಕಿಂತ ಹೆಚ್ಚಾಗುತ್ತದೆ, ಅಷ್ಟೂ ಚಕ್ರದ ಬಲದಲ್ಲಿ ಕಡಿತ. ಎತ್ತರವೇ ಶೇಕಡ ಹತ್ತಕ್ಕೂ ಹೆಚ್ಚು ಎಳೆತ ನುಂಗಿರುವಾಗ ಇದು ಭಾರವೇ.

ನೀರು ಮಡಿಕೇರಿಯಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ಬಿಸಿಯಾಗುತ್ತದೆಂದು ಥರ್ಮೋಸ್ಟ್ಯಾಟ್ ಕಿತ್ತು ಹಾಕಬೇಡಿ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿಯುತ್ತಿದೆಯೇ ಪರೀಕ್ಷಿಸಿ, ಅರ್ಧ ಕೂಲೆಂಟ್ ಅರ್ಧ ಶುದ್ಧ ನೀರು ತುಂಬಿಸಿ. 0.9 ಬಾರ್ ಕ್ಯಾಪ್ ಸರಿಯಾಗಿ ಹಿಡಿದರೆ ಕುದಿಯುವ ಮಟ್ಟ 115 ಡಿಗ್ರಿ ದಾಟುತ್ತದೆ. ಚಳಿಗಾಲದ ಬೆಳಿಗ್ಗೆ ಸೆಲ್ಫ್ ಹೊಡೆದರೂ ಹಿಡಿಯದಿದ್ದರೆ ಮೊದಲು ಸಿಲಿಂಡರ್ ಕಾಯಿಸುವ ಗ್ಲೋ ಪ್ಲಗ್ ಒಂದೊಂದಾಗಿ ಅಳೆಯಿರಿ, ಬ್ಯಾಟರಿ ಆಮೇಲೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಪರ್ ಏರ್ ಫಿಲ್ಟರ್ ತೇವ ಹೀರಿ ಉಸಿರು ಕಟ್ಟುತ್ತದೆ. ಗಾಳಿ ಎಳೆಯುವ ಬಾಯಿ ಬಾನೆಟ್‌ಗಿಂತ ಎತ್ತರದಲ್ಲಿರಲಿ, ತೋಟದಲ್ಲಿ ಡ್ರಮ್ಮಿನಿಂದ ಡೀಸೆಲ್ ತುಂಬಿಸುವವರು ವಾಟರ್ ಸೆಪರೇಟರ್ ಅಡಿಯ ತಿರುಪನ್ನು ವಾರಕ್ಕೊಮ್ಮೆ ಸಡಿಲಿಸಿ ನೀರು ಬಿಡಲಿ. ಎಂಜಿನ್ನನ್ನೇ ಬದಲಿಸುವ ಯೋಚನೆಯಿದ್ದರೆ ಕೆಲಸ ಶುರುವಾಗುವ ಮುನ್ನವೇ ಆರ್‌ಟಿಒ ಅನುಮತಿ ತೆಗೆದುಕೊಳ್ಳಿ. ಆರ್‌ಸಿಯಲ್ಲಿರುವುದಕ್ಕೂ ಬಾನೆಟ್ ಅಡಿಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಫಿಟ್‌ನೆಸ್ ಪರೀಕ್ಷೆಯಲ್ಲೂ (ಎಫ್‌ಸಿ) ಇನ್ಶೂರೆನ್ಸ್ ಕ್ಲೈಮಿನಲ್ಲೂ ತೊಂದರೆ.